ಹುಬ್ಬಳ್ಳಿಯಿಂದ ಹಾರುವವರಿಗೆ ಪ್ರೀಮಿಯಂ ಟ್ರಾವೆಲ್ ಕಾರ್ಡ್ ಗಿಟ್ಟುತ್ತದೆಯೇ?

“ಸರ್, ಫೀ ಐದು ಸಾವಿರ ಅಷ್ಟ. ಕಾರ್ಡ್ ಬಂದ ಕೂಡ್ಲೆ ಅಷ್ಟೂ ಪಾಯಿಂಟ್ ವಾಪಸ್ ಬರ್ತಾವ್ರಿ. ಮ್ಯಾಲ ಲೌಂಜ್ ಫ್ರೀ.” ವಿದ್ಯಾನಗರದ ವೈದ್ಯರಿಗೂ, ಅಮರಗೋಳ ಎಪಿಎಂಸಿಯ ದಲಾಲರಿಗೂ, ಗದಗಿನ ಪ್ರಿಂಟಿಂಗ್ ಪ್ರೆಸ್ ಮಾಲೀಕರಿಗೂ ಈಗ ಬರುವ ಕ್ರೆಡಿಟ್ ಕಾರ್ಡ್ ಫೋನುಗಳ ಸಾರ ಹೆಚ್ಚುಕಡಿಮೆ ಇಷ್ಟೇ. ಈ ಮಾತಿನಲ್ಲಿ ಸುಳ್ಳಿಲ್ಲದಿರಬಹುದು, ಹೇಳದೆ ಬಿಟ್ಟದ್ದು ಮಾತ್ರ ಬಹಳ. ಐದು ಸಾವಿರ ಫೀಗೆ ಶೇ 18 ಜಿಎಸ್‌ಟಿ ಸೇರಿ ₹5,900 ಆಗುತ್ತದೆ. ಒಂದು ಪಾಯಿಂಟ್ ಎಂದರೆ ಒಂದು ರೂಪಾಯಿ ಎಂದು ಎಲ್ಲೂ ಬರೆದಿಲ್ಲ. ವಿಮಾನ ನಿಲ್ದಾಣದಲ್ಲಿ ಕೂತು ಊಟ ಮಾಡುವ ಆ ಲೌಂಜಿನ ಬಾಗಿಲಿಗೆ ಬೇರೆಯೇ ಶರತ್ತಿರುತ್ತದೆ.

ಖರ್ಚಿಗೆ ಪಾಯಿಂಟ್ ಕೊಟ್ಟು, ಆ ಪಾಯಿಂಟಿನಿಂದ ಟಿಕೆಟ್ ತೆಗೆಸಲು ಬಿಡುವ ಇಂಥ ಟ್ರಾವೆಲ್ ಕ್ರೆಡಿಟ್ ಕಾರ್ಡ್‌ಗಳನ್ನು ಹೋಲಿಸುವ ಬರಹ, ವಿಡಿಯೊಗಳು ಬಹುತೇಕ ಬೆಂಗಳೂರು, ಮುಂಬೈ, ದೆಹಲಿಯವರ ಖರ್ಚನ್ನು ಮುಂದಿಟ್ಟುಕೊಂಡು ಮಾಡಿದವು. ಹುಬ್ಬಳ್ಳಿ-ಧಾರವಾಡದ ಮನೆಯ ಖರ್ಚು ಬೇರೆ ಕಡೆ ಹೋಗುತ್ತದೆ, ಇಲ್ಲಿಂದ ಹೊರಡುವ ದಾರಿಯೂ ಬೇರೆ. ಕಾರ್ಡ್ ಅದೇ ಇದ್ದರೂ ಇಲ್ಲಿಯ ಲಾಭ-ಲುಕ್ಸಾನು ಅಲ್ಲಿಯ ಹಾಗೆ ಬರುವುದಿಲ್ಲ.

ಮೊದಲ ಕೆಲಸ ಪಾಯಿಂಟನ್ನು ಪೈಸೆಗೆ ಇಳಿಸುವುದು. ಎಚ್‌ಡಿಎಫ್‌ಸಿ ಬ್ಯಾಂಕಿನದೇ ಎರಡು ಕಾರ್ಡ್ ತಗೊಳ್ಳಿ. ಇನ್ಫಿನಿಯಾ ಮೆಟಲ್‌ನ ವಾರ್ಷಿಕ ಫೀ ₹12,500, ಜಿಎಸ್‌ಟಿ ಸೇರಿ ₹14,750. ರೀಗಾಲಿಯಾ ಗೋಲ್ಡ್‌ನದು ₹2,500, ಜಿಎಸ್‌ಟಿ ಸೇರಿ ₹2,950. ಎರಡರಲ್ಲೂ ಸೇರುವುದಕ್ಕೆ ‘ರಿವಾರ್ಡ್ ಪಾಯಿಂಟ್’ ಎಂದೇ ಹೆಸರು. ಆದರೆ ಬ್ಯಾಂಕಿನ ಸ್ಮಾರ್ಟ್‌ಬೈ ಪೋರ್ಟಲ್‌ನಲ್ಲಿ ವಿಮಾನದ ಟಿಕೆಟ್ ತೆಗೆಸುವಾಗ ಇನ್ಫಿನಿಯಾ ಪಾಯಿಂಟಿಗೆ ಒಂದು ರೂಪಾಯಿ, ರೀಗಾಲಿಯಾ ಗೋಲ್ಡ್ ಪಾಯಿಂಟಿಗೆ 50 ಪೈಸೆ. ಟಿಕೆಟ್ ಬೇಡ, ಬಿಲ್ಲಿನಲ್ಲೇ ಕಳೆಯಿರಿ ಎಂದರೆ 30 ಪೈಸೆ ಮತ್ತು 20 ಪೈಸೆ. ಅಂದರೆ 10,000 ಪಾಯಿಂಟ್ ಎಂಬುದು ₹10,000 ಆಗಬಹುದು, ₹2,000ವೂ ಆಗಬಹುದು. ಯಾವ ಕಾರ್ಡ್, ಯಾವುದಕ್ಕೆ ಬಳಸುತ್ತೀರಿ ಎಂಬ ಎರಡು ಉತ್ತರ ಸಿಗುವ ತನಕ ಪಾಯಿಂಟಿನ ಸಂಖ್ಯೆಗೆ ಅರ್ಥವಿಲ್ಲ.

ಇದರಲ್ಲಿ ಇನ್ನೂ ಎರಡು ಸಣ್ಣ ಸೋರಿಕೆಗಳಿವೆ. ಪಾಯಿಂಟು ₹150ಕ್ಕೋ ₹200ಕ್ಕೋ ಒಂದು ಕಂತಿನಂತೆ ಬರುತ್ತದೆ. ₹150ರ ಕಂತಿರುವ ಕಾರ್ಡಿನಲ್ಲಿ ₹290 ಕೊಟ್ಟರೆ ಒಂದೇ ಕಂತಿನ ಪಾಯಿಂಟ್, ಉಳಿದ ₹140ಕ್ಕೆ ಸೊನ್ನೆ. ಸಣ್ಣ ಸಣ್ಣ ಬಿಲ್ಲಿಗೆ ಕಾರ್ಡ್ ತೋರಿಸುವವರಿಗೆ ಕರಪತ್ರದಲ್ಲಿದ್ದ ಶೇಕಡಾವಾರು ಎಂದೂ ಪೂರ್ತಿ ಸಿಗದು. ಇನ್ನೊಂದು, ಪೋರ್ಟಲ್‌ನ ಬೆಲೆ. ಸ್ಮಾರ್ಟ್‌ಬೈನಲ್ಲಿ ಟಿಕೆಟ್ ಬೆಲೆಯ ಶೇ 70ರಷ್ಟನ್ನು ಮಾತ್ರ ಪಾಯಿಂಟಿನಲ್ಲಿ ಕೊಡಬಹುದು, ಉಳಿದದ್ದು ಕಾರ್ಡಿನಿಂದ. ಯಾವ ಬ್ಯಾಂಕಿನ ಪೋರ್ಟಲ್ ಆದರೂ ಸರಿ, ಅದೇ ವಿಮಾನದ ಅದೇ ದಿನದ ಬೆಲೆಯನ್ನು ವಿಮಾನ ಸಂಸ್ಥೆಯ ಸ್ವಂತ ಆ್ಯಪ್‌ನಲ್ಲಿ ಕೊನೆಯ ಪೇಮೆಂಟ್ ಪುಟದ ತನಕ ಹೋಗಿ ನೋಡಿ. ಅಲ್ಲಿ ₹5,900 ಇದ್ದದ್ದು ಪೋರ್ಟಲ್‌ನಲ್ಲಿ ₹6,400 ಇದ್ದರೆ ನಿಮ್ಮ ಪಾಯಿಂಟು ಆಗಲೇ ಶೇ 8ರಷ್ಟು ಸವೆದಿದೆ. ಟಿಕೆಟ್ ರದ್ದಾದರೆ ಮರುಪಾವತಿಯೂ ಪೋರ್ಟಲ್ ಮೂಲಕವೇ ಸುತ್ತಿ ಬರುತ್ತದೆ.

ಖರ್ಚಿನಲ್ಲಿ ಯಾವುದು ಲೆಕ್ಕಕ್ಕೆ ಬರುತ್ತದೆ

ನಮ್ಮ ಕಡೆ ಹೆಚ್ಚು ಜನ ಎಡವುವುದು ಇಲ್ಲಿ. ಕಾರ್ಡ್ ಸ್ವೀಕರಿಸುವ ಪ್ರತಿ ಅಂಗಡಿಗೂ ನಾಲ್ಕು ಅಂಕಿಯ ಒಂದು ಕೋಡ್ ಇರುತ್ತದೆ. ಅದನ್ನು ಎಂಸಿಸಿ ಎನ್ನುತ್ತಾರೆ. ಆ ವ್ಯಾಪಾರ ಯಾವ ಬಗೆಯದು ಎಂದು ಬ್ಯಾಂಕಿಗೆ ಹೇಳುವುದು ಅಂಗಡಿಯ ಬೋರ್ಡ್ ಅಲ್ಲ, ಈ ಕೋಡ್. ವಿಮಾನಕ್ಕೆ 4511 ಇಲ್ಲವೇ 3000ರಿಂದ ಶುರುವಾಗುವ ಸಾಲು, ಹೋಟೆಲ್ ವಸತಿಗೆ 7011, ಟ್ರಾವೆಲ್ ಏಜೆಂಟರಿಗೆ 4722, ರೈಲಿಗೆ 4112, ಬಸ್ಸಿಗೆ 4131. ವಿದ್ಯುತ್ ಬಿಲ್ 4900, ವಿಮೆ 6300, ಒಡವೆ 5944, ಪೆಟ್ರೋಲ್ 5541 ಅಥವಾ 5542.

‘ಟ್ರಾವೆಲ್ ಮೇಲೆ ಐದು ಪಟ್ಟು’ ಎಂದು ಬರೆದ ಕಾರ್ಡಿನಲ್ಲಿ ಆ ಟ್ರಾವೆಲ್ ಎಂದರೆ ಎಷ್ಟೋ ಸಲ ನೇರವಾಗಿ ವಿಮಾನ ಸಂಸ್ಥೆಗೆ ಮತ್ತು ಹೋಟೆಲಿಗೆ ಕೊಟ್ಟ ಹಣ, ಇಲ್ಲವೇ ಬ್ಯಾಂಕಿನದೇ ಪೋರ್ಟಲ್. ಧಾರವಾಡದಿಂದ ಬೆಂಗಳೂರಿಗೆ ವಂದೇ ಭಾರತ್ ಹಿಡಿಯುವವರು, ವಾಯವ್ಯ ಸಾರಿಗೆಯ ಸ್ಲೀಪರ್ ಬಸ್ಸಿಗೆ ಸೀಟು ಮಾಡಿಸುವವರು, ನಿಲ್ದಾಣದ ಬಳಿಯ ಪರಿಚಯದ ಏಜೆಂಟರಿಂದ ವಿಮಾನದ ಟಿಕೆಟ್ ತೆಗೆಸುವವರು ಆ ಐದು ಪಟ್ಟಿನಿಂದ ಹೊರಗುಳಿಯುವ ಸಾಧ್ಯತೆಯೇ ಹೆಚ್ಚು. ಊಟವೂ ವಸತಿಯೂ ಇರುವ ಲಾಡ್ಜ್ ತನ್ನ ಮಷಿನನ್ನು ರೆಸ್ಟೊರೆಂಟ್ ಎಂದು 5812ರಲ್ಲಿ ನೋಂದಾಯಿಸಿದ್ದರೆ ನೀವು ಕೊಟ್ಟ ರೂಮಿನ ಬಾಡಿಗೆಯೂ ಊಟದ ಲೆಕ್ಕಕ್ಕೇ ಹೋಗುತ್ತದೆ. ಅನುಮಾನವಿದ್ದರೆ ಮೊದಲು ಸಣ್ಣ ಮೊತ್ತ ಕೊಟ್ಟು, ಪಾಯಿಂಟ್ ಜಮಾ ಆದ ಮೇಲೆ ಆ್ಯಪ್‌ನಲ್ಲಿ ಆ ವ್ಯವಹಾರ ತೆರೆದು ಎಷ್ಟು ಬಂತು ನೋಡಿ, ಆಮೇಲೆ ದೊಡ್ಡ ಬಿಲ್ ಕಟ್ಟುವುದು ಒಳ್ಳೆಯದು.

ಇನ್ನು ಪಾಯಿಂಟೇ ಸಿಗದ ಖರ್ಚುಗಳು. ಪೆಟ್ರೋಲಿಗೆ ಸಾಮಾನ್ಯವಾಗಿ ಶೇ 1ರ ಸರ್ಚಾರ್ಜ್ ಮಾಫಿ ಅಷ್ಟೇ, ಪಾಯಿಂಟ್ ಇಲ್ಲ. ವಿಮೆ, ವಿದ್ಯುತ್ ಬಿಲ್, ಸರಕಾರಿ ಶುಲ್ಕ, ಮನೆ ಬಾಡಿಗೆ, ವ್ಯಾಲೆಟ್ ಇವುಗಳಿಗೆ ಬ್ಯಾಂಕುಗಳು ಕಳೆದ ಕೆಲ ವರ್ಷಗಳಲ್ಲಿ ಒಂದೊಂದಾಗಿ ಪಾಯಿಂಟ್ ನಿಲ್ಲಿಸಿವೆ ಅಥವಾ ತಿಂಗಳ ಮಿತಿ ಹಾಕಿವೆ. ಕೆಲವು ಕಾರ್ಡ್‌ಗಳಲ್ಲಿ ಬಂಗಾರವೂ ಆ ಪಟ್ಟಿಯಲ್ಲಿದೆ.

ಒಂದು ಮನೆಯ ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮವನ್ನು ಹಾಕಿಕೊಳ್ಳಿ. ಧಾರವಾಡದ ಒಂದು ಕುಟುಂಬ ವರ್ಷಕ್ಕೆ ಕಾರ್ಡಿನಲ್ಲಿ ₹6 ಲಕ್ಷ ಖರ್ಚು ಮಾಡುತ್ತದೆ ಎನ್ನಿ. ವಿಮೆ ₹60,000, ಹೆಸ್ಕಾಂ ಮತ್ತು ಫೋನಿನ ಬಿಲ್ ₹48,000, ಪೆಟ್ರೋಲ್ ₹72,000, ದೀಪಾವಳಿಗೆ ಬಂಗಾರ ₹1,30,000. ಈ ₹3,10,000ಕ್ಕೆ ಪಾಯಿಂಟ್ ಇಲ್ಲ. ಶಾಲೆಯ ಫೀ ₹80,000, ಕಿರಾಣಿ, ಬಟ್ಟೆ, ಆನ್‌ಲೈನ್ ಖರೀದಿ ₹1,40,000, ವಿಮಾನ ಮತ್ತು ಹೋಟೆಲ್ ₹70,000. ಲೆಕ್ಕಕ್ಕೆ ಬರುವುದು ಈ ₹2,90,000 ಮಾತ್ರ. ಅರ್ಧಕ್ಕಿಂತ ಕಮ್ಮಿ.

ಈಗ ಒಂದು ಮಾದರಿ ಕಾರ್ಡ್: ಫೀ ₹5,900, ಸಾಮಾನ್ಯ ಖರ್ಚಿನ ₹100ಕ್ಕೆ 2 ಪಾಯಿಂಟ್, ವಿಮಾನ-ಹೋಟೆಲಿಗೆ 5 ಪಾಯಿಂಟ್, ಪಾಯಿಂಟಿಗೆ ಒಂದು ರೂಪಾಯಿ, ವರ್ಷದ ಅರ್ಹ ಖರ್ಚು ₹3 ಲಕ್ಷ ಮುಟ್ಟಿದರೆ 2,500 ಬೋನಸ್. ಆ ಕುಟುಂಬಕ್ಕೆ ₹2,20,000ಕ್ಕೆ 4,400 ಪಾಯಿಂಟ್, ₹70,000ಕ್ಕೆ 3,500 ಪಾಯಿಂಟ್, ಒಟ್ಟು 7,900. ಫೀ ಕಳೆದರೆ ಕೈಯಲ್ಲುಳಿದದ್ದು ₹2,000. ಫೀಯೇ ಇಲ್ಲದ, ಶೇ 1 ಕ್ಯಾಶ್‌ಬ್ಯಾಕ್ ಕೊಡುವ ಸಾದಾ ಕಾರ್ಡ್ ಇದೇ ಖರ್ಚಿಗೆ ₹2,900 ಕೊಡುತ್ತಿತ್ತು. ₹5,900 ಕೊಟ್ಟು ತಂದ ಕಾರ್ಡು ಸೋತಿತು.

ಏಕೆಂದರೆ ಬೋನಸ್ಸು ₹10,000 ಅಂತರದಲ್ಲಿ ತಪ್ಪಿತು. ಅಷ್ಟು ಖರ್ಚು ಆಗಿದ್ದರೆ ಪಾಯಿಂಟ್ 10,600 ಆಗಿ, ಫೀ ಕಳೆದು ₹4,700 ಉಳಿಯುತ್ತಿತ್ತು, ಸಾದಾ ಕಾರ್ಡಿನ ₹3,000ಕ್ಕಿಂತ ಜಾಸ್ತಿ. ಈ ಫೀಯ ಬಹುತೇಕ ಕಾರ್ಡ್‌ಗಳ ಗುಟ್ಟು ಇದೇ: ದಿನದಿನದ ಪಾಯಿಂಟು ಫೀಯನ್ನು ತುಂಬುತ್ತದೆ, ಲಾಭ ಬರುವುದು ಮೈಲಿಗಲ್ಲಿನ ಬೋನಸ್ಸಿನಿಂದ. ಹಾಗಾಗಿ ಕಾರ್ಡ್ ವರ್ಷ ಮುಗಿಯಲು ಎರಡು ತಿಂಗಳು ಇರುವಾಗಲೇ ಅರ್ಹ ಖರ್ಚು ಎಷ್ಟಾಯಿತು ಎಂದು ನೋಡಬೇಕು. ಕಾರ್ಡ್ ವರ್ಷ ಏಪ್ರಿಲ್‌ನಿಂದಲೋ ಜನವರಿಯಿಂದಲೋ ಎಣಿಸುವುದಲ್ಲ, ಸಾಮಾನ್ಯವಾಗಿ ಕಾರ್ಡ್ ಕೊಟ್ಟ ತಿಂಗಳಿನಿಂದ. ರದ್ದಾದ ಟಿಕೆಟಿನ ಮೊತ್ತ ಲೆಕ್ಕದಿಂದ ಕಳೆಯುತ್ತದೆ, ಅದರ ಪಾಯಿಂಟೂ ವಾಪಸ್ ಹೋಗುತ್ತದೆ. ಕೊನೆಯ ವಾರದಲ್ಲಿ ₹12,000ದ ಟಿಕೆಟ್ ತೆಗೆಸಿ ಮೈಲಿಗಲ್ಲು ಮುಟ್ಟಿದವರು ಆಮೇಲೆ ಅದನ್ನು ರದ್ದು ಮಾಡಿದರೆ ಬೋನಸ್ಸೂ ಹೋಗಬಹುದು.

ಮೈಲಿಗಲ್ಲು ಮುಟ್ಟಲೆಂದು ಬಂಧುಗಳ ಖರೀದಿಯನ್ನು ತಮ್ಮ ಕಾರ್ಡಿನಲ್ಲಿ ಮಾಡಿ ಆಮೇಲೆ ಫೋನ್‌ಪೇಯಲ್ಲಿ ಹಣ ಹಾಕಿಸಿಕೊಳ್ಳುವುದು ನಮ್ಮಲ್ಲಿ ಬಹಳ ಇದೆ. ಒಂದೆರಡು ಸಲಕ್ಕೆ ತೊಂದರೆ ಇಲ್ಲ. ಆದರೆ ಒಂದು ಆರ್ಥಿಕ ವರ್ಷದಲ್ಲಿ ಕಾರ್ಡ್ ಬಿಲ್ಲಿಗೆ ₹10 ಲಕ್ಷ ಅಥವಾ ಹೆಚ್ಚು ಕಟ್ಟಿದರೆ, ನಗದಾಗಿ ಕಟ್ಟಿದ್ದು ₹1 ಲಕ್ಷ ಮುಟ್ಟಿದರೂ ಸಾಕು, ಬ್ಯಾಂಕು ಅದನ್ನು ಆದಾಯ ತೆರಿಗೆ ಇಲಾಖೆಗೆ ವರದಿ ಮಾಡಲೇಬೇಕು. ₹7 ಲಕ್ಷ ಆದಾಯ ತೋರಿಸಿದವರ ಹೆಸರಿನಲ್ಲಿ ₹14 ಲಕ್ಷದ ಕಾರ್ಡ್ ಬಿಲ್ ಕಂಡರೆ ವಿವರಣೆ ಕೊಡಬೇಕಾದವರು ಕಾರ್ಡಿನ ಮಾಲೀಕರೇ. ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರದ ಸರಕಿಗೆ ಸ್ವಂತ ಬಳಕೆಯ ಕಾರ್ಡ್ ತೀಡುವುದೂ ಹೀಗೇ ಅಪಾಯದ್ದು. ವಾಣಿಜ್ಯ ಬಳಕೆ ಎಂದು ಬ್ಯಾಂಕ್ ತೀರ್ಮಾನಿಸಿದರೆ ಸೇರಿದ ಪಾಯಿಂಟುಗಳನ್ನೇ ತಡೆಹಿಡಿಯುವ ಶರತ್ತು ಒಪ್ಪಂದದಲ್ಲಿ ಇರುತ್ತದೆ.

ಅಂಗಡಿಯ ಎರಡು ಪರ್ಸೆಂಟ್

“ಕಾರ್ಡ್ ಆದ್ರ ಎರಡು ಪರ್ಸೆಂಟ್ ಜಾಸ್ತಿ ಆಗತೈತ್ರಿ.” ದುರ್ಗದಬೈಲಿನ ಸುತ್ತಮುತ್ತ ಬಟ್ಟೆ, ಪಾತ್ರೆ, ಒಡವೆ ಕೊಂಡವರಿಗೆ ಈ ಮಾತು ಹೊಸದಲ್ಲ. ಕ್ರೆಡಿಟ್ ಕಾರ್ಡಿಗೆ ಬ್ಯಾಂಕು ಅಂಗಡಿಯವರಿಂದ ಮುರಿದುಕೊಳ್ಳುವ ದರ ಸುಮಾರು ಅಷ್ಟೇ ಇರುತ್ತದೆ, ಅದನ್ನು ಅವರು ಗಿರಾಕಿಯ ತಲೆಗೆ ಹಾಕುತ್ತಾರೆ. ಮದುವೆಗೆ ₹60,000ದ ಸೀರೆ ಕೊಂಡು ಶೇ 2 ಕೊಟ್ಟರೆ ₹1,200 ಹೋಯಿತು. ಮೇಲಿನ ಮಾದರಿ ಕಾರ್ಡಿನಲ್ಲಿ ಬಂದ ಪಾಯಿಂಟೂ 1,200. ಲಾಭ ಸೊನ್ನೆ. ಪಾಯಿಂಟಿಗೆ 50 ಪೈಸೆಯ ಕಾರ್ಡ್ ಆಗಿದ್ದರೆ ನೇರ ನಷ್ಟ. ಮೈಲಿಗಲ್ಲಿಗೆ ಅದೊಂದೇ ಬಿಲ್ ಕಮ್ಮಿ ಬಿದ್ದಿದ್ದರೆ ಮಾತ್ರ ಈ ಶೇ 2 ಕೊಡುವುದರಲ್ಲಿ ಅರ್ಥವಿದೆ. ಇಲ್ಲದಿದ್ದರೆ ಯುಪಿಐ ಮಾಡಿ ಬನ್ನಿ.

ರೂಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದಾದ್ದರಿಂದ ಕ್ಯೂಆರ್ ಅಂಟಿಸಿದ ಕಿರಾಣಿ ಅಂಗಡಿಯಲ್ಲೂ ಕಾರ್ಡ್ ನಡೆಯುತ್ತದೆ, ಹೆಚ್ಚುವರಿ ಕೇಳುವವರೂ ಕಮ್ಮಿ. ಆದರೆ ಯುಪಿಐ ಮೂಲಕದ ಖರ್ಚಿಗೆ ಹಲವು ಕಾರ್ಡ್‌ಗಳಲ್ಲಿ ಪಾಯಿಂಟ್ ದರ ಕಮ್ಮಿ ಇದೆ. ಪ್ರೀಮಿಯಂ ಕಾರ್ಡ್ ತರುವ ಮುಂಚೆ ಅದು ವೀಸಾವೋ, ಮಾಸ್ಟರ್‌ಕಾರ್ಡೋ, ರೂಪೇಯೋ, ಡೈನರ್ಸೋ ಎಂದು ಕೇಳಿಕೊಳ್ಳಿ. ನಿಮ್ಮ ಓಣಿಯ ಮಷಿನು ತೆಗೆದುಕೊಳ್ಳದ ನೆಟ್‌ವರ್ಕಿನ ಕಾರ್ಡಿನಲ್ಲಿ ಯಾವ ಮೈಲಿಗಲ್ಲೂ ಮುಟ್ಟಲಾಗುವುದಿಲ್ಲ.

ಹೊರದೇಶಕ್ಕೆ ಹೋಗುವವರ ಲೆಕ್ಕ

ಮಕ್ಕಳನ್ನು ನೋಡಲು ಅಮೆರಿಕಕ್ಕೋ ಆಸ್ಟ್ರೇಲಿಯಾಕ್ಕೋ ಹೋಗುವ ತಂದೆ-ತಾಯಿಯರು ಈ ಭಾಗದಲ್ಲಿ ಎಷ್ಟೋ ಮಂದಿ. ಅವರಿಗೆ ಪಾಯಿಂಟಿಗಿಂತ ಫಾರೆಕ್ಸ್ ಮಾರ್ಕಪ್, ಅಂದರೆ ವಿದೇಶಿ ಹಣದ ಖರ್ಚಿನ ಮೇಲೆ ಬ್ಯಾಂಕು ಹಾಕುವ ಶುಲ್ಕ, ಮುಖ್ಯ. ಸಾದಾ ಕಾರ್ಡ್‌ಗಳಲ್ಲಿ ಇದು ಶೇ 3.5, ಅದರ ಮೇಲೆ ಜಿಎಸ್‌ಟಿ ಸೇರಿ ಶೇ 4.13. ಹೊರಗೆ ₹2 ಲಕ್ಷ ಖರ್ಚಾದರೆ ₹8,260 ಸುಮ್ಮನೆ ಹೋಯಿತು. ಇನ್ಫಿನಿಯಾ, ರೀಗಾಲಿಯಾ ಗೋಲ್ಡ್‌ನಂಥವುಗಳಲ್ಲಿ ಶೇ 2, ಜಿಎಸ್‌ಟಿ ಸೇರಿ ಶೇ 2.36, ಅಂದರೆ ₹4,720. ಫೆಡರಲ್ ಬ್ಯಾಂಕಿನ ಸ್ಕ್ಯಾಪಿಯಾ ಕಾರ್ಡಿನಲ್ಲಿ ಮಾರ್ಕಪ್ ಸೊನ್ನೆ, ವಾರ್ಷಿಕ ಫೀಯೂ ಸೊನ್ನೆ. ಎರಡು ವರ್ಷಕ್ಕೊಮ್ಮೆ ಹೊರದೇಶಕ್ಕೆ ಹೋಗಿ, ಊರಲ್ಲಿ ಹೆಚ್ಚು ಕಾರ್ಡ್ ಬಳಸದ ನಿವೃತ್ತರಿಗೆ ₹14,750ರ ಲೋಹದ ಕಾರ್ಡಿಗಿಂತ ಇಂಥದ್ದೊಂದು ಹೆಚ್ಚು ಉಳಿಸಿಕೊಡುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೋಗುವ ಮುಂಚೆ ಮನೆಯಲ್ಲೇ ಮಾಡಿಕೊಳ್ಳಬೇಕಾದ ಕೆಲಸವೊಂದಿದೆ. ರಿಸರ್ವ್ ಬ್ಯಾಂಕಿನ 2020ರ ಆದೇಶದ ಬಳಿಕ ಹೊಸ ಕಾರ್ಡ್‌ಗಳಲ್ಲಿ ವಿದೇಶಿ ಬಳಕೆ ಬಂದ್ ಆಗಿಯೇ ಇರುತ್ತದೆ. ಆ್ಯಪ್‌ನಲ್ಲಿ ಅದನ್ನು ತೆರೆದು, ಮಿತಿ ಹಾಕಬೇಕು. ಬ್ಯಾಂಕಿಗೆ ಕೊಟ್ಟ ಮೊಬೈಲ್ ನಂಬರಿಗೆ ರೋಮಿಂಗ್ ಇಲ್ಲದಿದ್ದರೆ ಅಲ್ಲಿ ಒಟಿಪಿ ಬರದೆ ನಿಲ್ಲುತ್ತೀರಿ. ಅಲ್ಲಿಯ ಅಂಗಡಿಯ ಮಷಿನು ‘ರೂಪಾಯಿಯಲ್ಲೋ, ಡಾಲರ್‌ನಲ್ಲೋ’ ಎಂದು ಕೇಳಿದಾಗ ರೂಪಾಯಿ ಪರಿಚಯದ್ದೆಂದು ಅದನ್ನೇ ಒತ್ತುವವರು ಹೆಚ್ಚು. ಅದು ದುಬಾರಿ. ರೂಪಾಯಿಗೆ ಬದಲಿಸುವ ದರವನ್ನು ಆಗ ಅಂಗಡಿಯ ಕಡೆಯವರು ಹಾಕುತ್ತಾರೆ, ಮೇಲೆ ನಿಮ್ಮ ಬ್ಯಾಂಕೂ ಅಂಥ ವ್ಯವಹಾರಕ್ಕೆ ಬೇರೆ ಶುಲ್ಕ ಹಾಕಬಹುದು. ಸೊನ್ನೆ ಮಾರ್ಕಪ್ ಕಾರ್ಡ್ ಇದ್ದೂ ಇಲ್ಲಿ ಹಣ ಕಳೆದುಕೊಳ್ಳಬಹುದು. ಯಾವಾಗಲೂ ಆ ದೇಶದ ನಾಣ್ಯವನ್ನೇ ಆರಿಸಿ.

ಲೌಂಜ್ ಮತ್ತು ಮೈಲ್ಸ್

ಲೌಂಜಿನ ಬಗ್ಗೆ ಇಷ್ಟು ಸಾಕು: 2023ರ ಡಿಸೆಂಬರ್ 1ರಿಂದ ಎಚ್‌ಡಿಎಫ್‌ಸಿಯ (ಗೋಲ್ಡ್ ಅಲ್ಲದ) ರೀಗಾಲಿಯಾ ಕಾರ್ಡಿಗೆ ಮೂರು ತಿಂಗಳಲ್ಲಿ ₹1 ಲಕ್ಷ ಖರ್ಚಿನ ಶರತ್ತು ಬಂತು. ಆಮೇಲೆ ಬೇರೆ ಬ್ಯಾಂಕುಗಳೂ ಇದೇ ಹಾದಿ ಹಿಡಿದವು. ಹಲವು ಕಾರ್ಡ್‌ಗಳಲ್ಲಿ ಹಿಂದಿನ ತ್ರೈಮಾಸಿಕದ (ಜನವರಿ-ಮಾರ್ಚ್, ಏಪ್ರಿಲ್-ಜೂನ್ ಹೀಗೆ) ಖರ್ಚಿನ ಮೇಲೆ ಮುಂದಿನ ಪ್ರವೇಶ ನಿಂತಿರುವುದರಿಂದ ಮೇ ತಿಂಗಳ ಪ್ರವಾಸಕ್ಕೆ ಮಾರ್ಚ್‌ನೊಳಗೇ ಖರ್ಚು ಆಗಿರಬೇಕು. ಹುಬ್ಬಳ್ಳಿಯಿಂದ ಹೊರಟವರಿಗೆ ಲೌಂಜ್ ಉಪಯೋಗಕ್ಕೆ ಬರುವುದು ಬೆಂಗಳೂರಿನಂಥ ಕಡೆ ವಿಮಾನ ಬದಲಿಸಿ ಮೂರ್ನಾಲ್ಕು ತಾಸು ಕಾಯುವಾಗ. ವರ್ಷಕ್ಕೆ ಅಂಥ ಎರಡು ಪ್ರಯಾಣವಿದ್ದರೆ ಅದರ ಬೆಲೆ ನೀವು ಅಲ್ಲಿ ಕೊಂಡು ತಿನ್ನುತ್ತಿದ್ದ ಎರಡು ಊಟದ ಬೆಲೆ. ಫೀಯನ್ನು ಸಮರ್ಥಿಸಲು ಅದು ಸಾಲದು.

ಮೈಲ್ಸ್, ಅಂದರೆ ವಿಮಾನ ಸಂಸ್ಥೆಗಳದೇ ಪಾಯಿಂಟುಗಳ ವಿಷಯ ಹೆಚ್ಚು ಗಂಭೀರ. ಪಾಯಿಂಟನ್ನು ಏರ್ ಇಂಡಿಯಾದ ಮಹಾರಾಜ ಕ್ಲಬ್, ಸಿಂಗಪುರ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್‌ನಂಥ ಖಾತೆಗೆ ದಾಟಿಸಿ ಬಿಸಿನೆಸ್ ಕ್ಲಾಸ್ ಸೀಟು ಹಿಡಿದರೆ ಒಂದು ಪಾಯಿಂಟಿನಿಂದ ಒಂದು ರೂಪಾಯಿಗಿಂತ ಎಷ್ಟೋ ಹೆಚ್ಚು ಹೊರಡಿಸಬಹುದು. ತಜ್ಞರು ಹೊಗಳುವುದು ಇದನ್ನೇ. ಆದರೆ ಹುಬ್ಬಳ್ಳಿಯಿಂದ ಹಾರುವ ವಿಮಾನಗಳಲ್ಲಿ ಹೆಚ್ಚಿನವು ಇಂಡಿಗೊದವು. ಮೈಲ್ಸ್ ಟಿಕೆಟ್ ಬೇರೆ ಸಂಸ್ಥೆಯದಾದರೆ ಅದು ಶುರುವಾಗುವುದೇ ಬೆಂಗಳೂರಿನಿಂದ, ಮುಂಬೈಯಿಂದ ಇಲ್ಲವೇ ಗೋವಾದಿಂದ. ಅಲ್ಲಿಯ ತನಕದ್ದು ಬೇರೆ ಟಿಕೆಟ್, ಬೇರೆ ಖರ್ಚು, ಬೇರೆ ಜವಾಬ್ದಾರಿ.

ಆ ‘ಬೇರೆ ಟಿಕೆಟ್’ ಏನು ಮಾಡುತ್ತದೆ ನೋಡಿ. ಇಂಡಿಗೊದ ದೇಶೀಯ ವಿಮಾನ ಬೆಂಗಳೂರಿನಲ್ಲಿ ಇಳಿಯುವುದು ಒಂದನೇ ಟರ್ಮಿನಲ್‌ಗೆ. 2023ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ವಿಮಾನಗಳು ಹೊರಡುವುದು ಎರಡನೇ ಟರ್ಮಿನಲ್‌ನಿಂದ. ನೀವು ಬ್ಯಾಗ್ ಇಳಿಸಿಕೊಂಡು, ಹೊರಗೆ ಬಂದು, ಶಟಲ್ ಬಸ್ ಹಿಡಿದು, ಮತ್ತೆ ಚೆಕ್-ಇನ್, ಇಮಿಗ್ರೇಷನ್, ಸೆಕ್ಯುರಿಟಿ ಮುಗಿಸಬೇಕು. ಮಳೆಗೋ ಮಂಜಿಗೋ ಹುಬ್ಬಳ್ಳಿ ವಿಮಾನ ಎರಡು ತಾಸು ತಡವಾಗಿ ಸಿಂಗಪುರದ ವಿಮಾನ ತಪ್ಪಿದರೆ ಎರಡನೇ ಸಂಸ್ಥೆಗೆ ಯಾವ ಹೊಣೆಯೂ ಇಲ್ಲ. ನೀವು ಬರಲೇ ಇಲ್ಲವೆಂದು ಟಿಕೆಟ್ ರದ್ದಾಗುತ್ತದೆ, ತಿರುಗಿ ಬರುವ ಸೀಟೂ ಅದರ ಜೊತೆ ಹೋಗಬಹುದು. ಇಂಥ ಪ್ರಯಾಣಕ್ಕೆ ನಡುವೆ ಕನಿಷ್ಠ ಆರು ತಾಸು ಇಡಬೇಕು, ಇಲ್ಲವೇ ಹಿಂದಿನ ರಾತ್ರಿಯ ರೈಲಿಗೇ ಹೊರಡಬೇಕು. ಪಾಯಿಂಟಿನಿಂದ ಉಳಿಸಿದ್ದರಲ್ಲಿ ಬೆಂಗಳೂರಿನ ಒಂದು ರಾತ್ರಿಯ ರೂಮು, ಟ್ಯಾಕ್ಸಿ, ಊಟ ಇವನ್ನೂ ಕಳೆದೇ ಲಾಭ ಎಣಿಸಬೇಕು.

ದಾಟಿಸುವಾಗ ಪಾಲಿಸಬೇಕಾದ ಕ್ರಮವಿದೆ. ಮೊದಲು ವಿಮಾನ ಸಂಸ್ಥೆಯ ಆ್ಯಪ್‌ನಲ್ಲಿ ನಿಮಗೆ ಬೇಕಾದ ದಿನ ಮೈಲ್ಸ್ ಸೀಟು ಇದೆಯೇ, ಎಷ್ಟು ಮೈಲ್ಸ್, ಮೇಲೆ ತೆರಿಗೆ ಎಷ್ಟು ನೋಡಿ. ಆಮೇಲೆ ಬೇಕಾದಷ್ಟನ್ನೇ ದಾಟಿಸಿ. ಒಮ್ಮೆ ದಾಟಿದ ಪಾಯಿಂಟ್ ಬ್ಯಾಂಕಿಗೆ ತಿರುಗಿ ಬರುವುದಿಲ್ಲ, ಮೈಲ್ಸ್‌ಗೆ ಅವಧಿಯೂ ಇರುತ್ತದೆ. ಬ್ಯಾಂಕಿನಲ್ಲಿ ‘ಎಸ್.ಬಿ. ಪಾಟೀಲ’ ಎಂದೂ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಬಿಡಿಸಿ ಬರೆದೂ ಇದ್ದರೆ ವರ್ಗಾವಣೆ ನಡುವೆಯೇ ಸಿಕ್ಕಿಬೀಳುತ್ತದೆ. ಇನಿಷಿಯಲ್‌ಗಳ ನಮ್ಮ ಪದ್ಧತಿಯಿಂದಾಗಿ ಈ ತೊಂದರೆ ನಮ್ಮವರಿಗೆ ಜಾಸ್ತಿ. ಮೈಲ್ಸ್ ಖಾತೆ ತೆರೆಯುವ ದಿನವೇ ಎರಡೂ ಕಡೆ ಹೆಸರು ಒಂದೇ ಮಾಡಿಸಿಕೊಳ್ಳಿ.

ಕೂಡಿಟ್ಟು ಕಾಯುವುದೂ ಜಾಣತನವಲ್ಲ. ಆ್ಯಕ್ಸಿಸ್ ಬ್ಯಾಂಕಿನ ಮ್ಯಾಗ್ನಸ್ ಕಾರ್ಡಿನಲ್ಲಿ ತಿಂಗಳಿಗೆ ₹1 ಲಕ್ಷ ಖರ್ಚು ಮಾಡಿದರೆ 25,000 ಬೋನಸ್ ಪಾಯಿಂಟ್ ಬರುತ್ತಿತ್ತು, 5 ಪಾಯಿಂಟಿಗೆ 4 ಮೈಲ್ಸ್ ಆಗುತ್ತಿತ್ತು. 2023ರ ಸೆಪ್ಟೆಂಬರ್ 1ರಿಂದ ಆ ಬೋನಸ್ ನಿಂತಿತು, ಸಾಮಾನ್ಯ ಮ್ಯಾಗ್ನಸ್‌ನಲ್ಲಿ 5ಕ್ಕೆ 2 ಮೈಲ್ಸ್ ಆಯಿತು, ಫೀ ₹10,000ದಿಂದ ₹12,500ಕ್ಕೆ ಏರಿತು. ಲಕ್ಷ ಪಾಯಿಂಟ್ ಕೂಡಿಟ್ಟವರ 80,000 ಮೈಲ್ಸ್ ಕೈಗೆ ಬರುವ ಮುಂಚೆಯೇ 40,000ಕ್ಕೆ ಇಳಿಯಿತು. ಪಾಯಿಂಟಿಗೆ ಬಡ್ಡಿ ಬರುವುದಿಲ್ಲ. ವರ್ಷದೊಳಗೆ ಬಳಸುವ ಪ್ರಯಾಣ ಕಣ್ಣಮುಂದೆ ಇದ್ದಷ್ಟಕ್ಕೇ ಕೂಡಿಸಿ.

ಬಿಲ್ ಪೂರ್ತಿ ಕಟ್ಟಲಾಗದ ತಿಂಗಳು ಬಂದರೆ ಈ ಲೆಕ್ಕಗಳೆಲ್ಲ ಮಗುಚಿ ಬೀಳುತ್ತವೆ. ಕಾರ್ಡಿನ ಬಡ್ಡಿ ತಿಂಗಳಿಗೆ ಶೇ 3.5ರಿಂದ 3.75ರ ಆಸುಪಾಸು. ₹1 ಲಕ್ಷ ಬಾಕಿ ಒಂದು ತಿಂಗಳು ಉಳಿದರೆ ಶೇ 3.75ರಂತೆ ₹3,750, ಜಿಎಸ್‌ಟಿ ಸೇರಿ ₹4,425. ಅದೇ ಲಕ್ಷಕ್ಕೆ ಶೇ 3.33 ಕೊಡುವ ಅತ್ಯುತ್ತಮ ಕಾರ್ಡ್ ತಂದುಕೊಟ್ಟದ್ದು ₹3,330. ‘ಮಿನಿಮಮ್ ಡ್ಯೂ’ ಎಂದು ಬಿಲ್ಲಿನಲ್ಲಿ ಬರೆದ ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದರೆ ತಡ ಶುಲ್ಕ ಮಾತ್ರ ತಪ್ಪುತ್ತದೆ. ಬಡ್ಡಿ ಖರೀದಿಯ ದಿನದಿಂದ ಓಡುತ್ತದೆ, ಹೊಸ ಖರೀದಿಗೂ ಬಡ್ಡಿ ಇಲ್ಲದ ಅವಧಿ ಸಿಗುವುದಿಲ್ಲ. ಬಡ್ಡಿಗೆ ಶೇ 30ರ ಮಿತಿ ಹಾಕಿದ್ದ ಗ್ರಾಹಕ ಆಯೋಗದ 2008ರ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದು ಮಾಡಿದೆ, ಹಾಗಾಗಿ ಆ ಆಸರೆಯೂ ಈಗಿಲ್ಲ. ಸುಗ್ಗಿಯ ಮೇಲೆ ಹಣ ಬರುವ, ತಿಂಗಳ ಆದಾಯ ಒಂದೇ ಸಮ ಇಲ್ಲದ ವ್ಯಾಪಾರಿಗಳಿಗೆ, ರೈತ ಕುಟುಂಬಗಳಿಗೆ ಈ ಕಾರಣಕ್ಕೇ ಪ್ರೀಮಿಯಂ ಕಾರ್ಡ್ ಬೇಡ ಎನ್ನುತ್ತೇನೆ.

ಈಗಾಗಲೇ ಕಾರ್ಡ್ ಇದ್ದವರು ಫೀ ಬೀಳುವ ತಿಂಗಳಿಗೆ ಒಂದು ತಿಂಗಳು ಮುಂಚೆ ಹನ್ನೆರಡು ಸ್ಟೇಟ್‌ಮೆಂಟ್ ತೆಗೆದು, ಪಾಯಿಂಟ್ ಬಂದ ಖರ್ಚು ಒಂದು ಕಡೆ, ಬಾರದ್ದು ಒಂದು ಕಡೆ ಕೂಡಿಸಿ ನೋಡಲಿ. ಗಿಟ್ಟದಿದ್ದರೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಫೀ ಮಾಫಿ ಕೇಳಬೇಕು, ಇಲ್ಲವೇ ಅದೇ ಬ್ಯಾಂಕಿನ ಫೀ ಇಲ್ಲದ ಕಾರ್ಡಿಗೆ ಬದಲಿಸಲು ಹೇಳಬೇಕು. ಅದೂ ಆಗದಿದ್ದರೆ ಮುಚ್ಚುವುದು. ಮುಚ್ಚುವ ಮುಂಚೆ ಪಾಯಿಂಟ್ ಪೂರ್ತಿ ಬಳಸಿ, ಏಕೆಂದರೆ ಖಾತೆಯ ಜೊತೆ ಅವೂ ಹೋಗುತ್ತವೆ. ಆಟೊಪೇಗೆ ಜೋಡಿಸಿದ ಬಿಲ್‌ಗಳನ್ನು ಬೇರೆ ಕಡೆ ಮಾಡಿಕೊಳ್ಳಿ, ಬಾಕಿ ಸೊನ್ನೆ ಮಾಡಿ, ಕೋರಿಕೆಯನ್ನು ಇಮೇಲ್‌ನಲ್ಲೋ ಆ್ಯಪ್‌ನಲ್ಲೋ ಕೊಟ್ಟು ನಂಬರ್ ಇಟ್ಟುಕೊಳ್ಳಿ. ರಿಸರ್ವ್ ಬ್ಯಾಂಕಿನ ನಿರ್ದೇಶನದ ಪ್ರಕಾರ ಬಾಕಿ ಇಲ್ಲದ ಕಾರ್ಡನ್ನು ಬ್ಯಾಂಕು ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು. ಮುಚ್ಚದಿದ್ದರೆ ತಡವಾದ ಪ್ರತಿ ದಿನಕ್ಕೆ ₹500ರಂತೆ ನಿಮಗೆ ಕೊಡಬೇಕು, ಮುಚ್ಚುವ ದಿನದ ತನಕ.